ಅಮ್ಮನ ಆಭಾ ಒಟಿಪಿ ಕೊಡೋ ಮುಂಚೆ ಏನೇನು ನೋಡ್ಕೋಬೇಕು?

ಪ್ರಶ್ನೆ (ಜಯನಗರ):
ಅಮ್ಮನಿಗೆ 68. ಸಕ್ಕರೆ, ಬಿಪಿ ಎರಡೂ ಇವೆ. ತೋರಿಸೋದು ಮನೆ ಹತ್ತಿರದ ಕ್ಲಿನಿಕ್ಕು, ಒಂದು ಲ್ಯಾಬು, ಒಂದು ದೊಡ್ಡ ಆಸ್ಪತ್ರೆ. ಹಿಂದೆ ಬೇರೊಂದು ಕಡೆ ಖಿನ್ನತೆಗೂ ಚಿಕಿತ್ಸೆ ಆಗಿದೆ, ಅದು ಕಂಡಕಂಡವರ ಕಣ್ಣಿಗೆ ಬೀಳೋದು ಅವರಿಗೆ ಇಷ್ಟ ಇಲ್ಲ. ಈಗ ದೊಡ್ಡ ಆಸ್ಪತ್ರೆ ಕೌಂಟರ್‌ನಲ್ಲಿ ಆಭಾ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಮಾಡಿಸಿ, ಒಟಿಪಿ ಹೇಳಿ ಅಂತಿದಾರೆ. ಹೇಳಿದ ಕೂಡಲೇ ಹಳೇದೆಲ್ಲ ಅವರ ಕೈಗೆ ಹೋಗುತ್ತಾ? ಬೇಕಾದಷ್ಟನ್ನೇ ಕೊಡೋಕೆ ದಾರಿ ಇದೆಯಾ? ತಿಳಿದೋರು ಹೇಳಿ.

ಉತ್ತರ (ಆಸ್ಪತ್ರೆ ನೋಂದಣಿ ಕೌಂಟರ್, ರಾಜಾಜಿನಗರ):
ಹಾಗೆ ಹೋಗಲ್ಲ ಸರ್. ಆದರೆ ಕೌಂಟರ್‌ನಲ್ಲಿ ಬರೋ ಒಟಿಪಿ ಎಲ್ಲಾ ಒಂದೇ ಕೆಲಸಕ್ಕಲ್ಲ. ನಂಬರ್ ಹೇಳೋ ಮೊದಲು ಮೆಸೇಜ್ ಪೂರ್ತಿ ಓದಿ. ಆಧಾರ್ ಕಡೆಯಿಂದ ಬಂದಿದ್ರೆ ಅದು 14 ಅಂಕಿಯ ಆಭಾ ನಂಬರ್ ಮಾಡೋದಕ್ಕೆ. ಇನ್ನೊಂದು, ಆ ಆಸ್ಪತ್ರೆಯಲ್ಲಿರೋ ಅಮ್ಮನ ಫೈಲನ್ನ ಆಭಾಗೆ ಜೋಡಿಸೋಕೆ, ಅಂದ್ರೆ ಲಿಂಕ್ ಮಾಡೋಕೆ. ಲಿಂಕ್ ಆದ್ರೆ ಅಲ್ಲಿಯ ದಾಖಲೆ ಅಮ್ಮನ ಆಭಾ ಆ್ಯಪ್‌ಗೆ ಬರುತ್ತೆ ಅಷ್ಟೇ, ಬೇರೆ ಕಡೆಯದು ಆ ಆಸ್ಪತ್ರೆಗೆ ಕಾಣಲ್ಲ. ಬೇರೆಯವರ ದಾಖಲೆ ನೋಡಬೇಕಾದ್ರೆ ಅವರು ಪ್ರತ್ಯೇಕವಾಗಿ ಒಪ್ಪಿಗೆ ಕೇಳಬೇಕು, ಆ ಕೋರಿಕೆ ಅಮ್ಮನ ಆ್ಯಪ್‌ಗೆ ಬರುತ್ತೆ. ದಾಖಲೆಗಳೆಲ್ಲ ದೆಹಲಿಯ ಯಾವುದೋ ಒಂದು ಕಂಪ್ಯೂಟರ್‌ನಲ್ಲಿ ರಾಶಿ ಬಿದ್ದಿರುತ್ತೆ ಅನ್ನೋದು ತಪ್ಪು. ಎಲ್ಲಿ ತಯಾರಾಯ್ತೋ ಅಲ್ಲೇ ಇರುತ್ತೆ.

ಕೌಂಟರ್ ಮುಂದಿನ ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಹೋಗೋದು ಹೆಸರು, ವಯಸ್ಸು, ಲಿಂಗ, ವಿಳಾಸ, ಫೋನ್, ಆಭಾ ವಿವರ. ಓಪಿಡಿ ಟೋಕನ್‌ಗೆ ಅಷ್ಟು ಸಾಕು, ರಿಪೋರ್ಟ್ ಯಾವುದೂ ಹೋಗಲ್ಲ. ಅಂದಹಾಗೆ ಆಭಾ ಮಾಡಿಸೋದು ಐಚ್ಛಿಕ. ಬೇಡ ಅನ್ನಿಸಿದ್ರೆ "ಫೋನ್ ನಂಬರ್ ಮೇಲೆ ನೋಂದಾಯಿಸಿ" ಅಂತ ಧೈರ್ಯವಾಗಿ ಹೇಳಿ. ಸಾಲು ಉದ್ದ ಇದ್ದಾಗ ನಮ್ಮವರು ಕಡ್ಡಾಯ ಅನ್ನೋ ಥರ ಮಾತಾಡಿಬಿಡ್ತಾರೆ, ಅದು ಸರಿಯಲ್ಲ.

ಉತ್ತರ (ಆಸ್ಪತ್ರೆ ತಂತ್ರಾಂಶ, ಎಚ್‌ಎಸ್‌ಆರ್ ಲೇಔಟ್):
ಒಪ್ಪಿಗೆ ಕೋರಿಕೆ ಬಂದಾಗ ಜನ ಮಾಡೋ ತಪ್ಪು ಒಂದೇ: ಓದದೆ "ಅಪ್ರೂವ್" ಒತ್ತೋದು. ಆ ಕೋರಿಕೆಯಲ್ಲಿ ಇಷ್ಟು ಇರುತ್ತೆ: ಯಾರು ಕೇಳ್ತಿದಾರೆ, ಯಾಕೆ (ಚಿಕಿತ್ಸೆ, ವಿಮೆ ಹಣ, ಸಂಶೋಧನೆ ಹೀಗೆ), ಯಾವ ಬಗೆಯ ದಾಖಲೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನದು, ಒಪ್ಪಿಗೆ ಎಲ್ಲಿಯವರೆಗೆ. ಅವರು ಕೇಳಿದಷ್ಟನ್ನೂ ಕೊಡಬೇಕಿಲ್ಲ. ಮಂಜೂರು ಮಾಡೋ ಮುಂಚೆ ತಿದ್ದಿ.

ಎರಡು ಜೋಡಿ ದಿನಾಂಕಗಳಲ್ಲಿ ಎಲ್ಲರೂ ಎಡವೋದು. ಒಂದು, ದಾಖಲೆಗಳ ಅವಧಿ. ಇನ್ನೊಂದು, ಒಪ್ಪಿಗೆಯ ಗಡುವು. ಗಡುವು ನಾಳೆಗೇ ಇಟ್ಟು, ದಾಖಲೆಗಳ ಅವಧಿಯನ್ನ ಹತ್ತು ವರ್ಷಕ್ಕೆ ಬಿಟ್ಟರೆ ಹತ್ತು ವರ್ಷದ್ದೂ ಇವತ್ತೇ ಹೋಗುತ್ತೆ. ಸಕ್ಕರೆ ಡಾಕ್ಟರಿಗೆ ಅಂದ್ರೆ ನಾನು ಹೇಳೋದು: ಬಗೆಯಲ್ಲಿ ಲ್ಯಾಬ್ ರಿಪೋರ್ಟ್ ಮತ್ತು ಪ್ರಿಸ್ಕ್ರಿಪ್ಷನ್ ಮಾತ್ರ, ಕಳೆದ ಒಂದು ವರ್ಷದ್ದು, ಗಡುವು ಒಂದು ವಾರ. ಲಿಂಕ್ ಆಗಿರೋ ಆಸ್ಪತ್ರೆಗಳ ಪಟ್ಟಿಯಲ್ಲಿ ಬೇಡದ್ದರ ಟಿಕ್ ತೆಗೀರಿ.

ಕೊಟ್ಟ ಒಪ್ಪಿಗೆಯನ್ನ ಆ್ಯಪ್‌ನಲ್ಲೇ ವಾಪಸ್ ತಗೋಬಹುದು, "ರಿವೋಕ್" ಅಂತ ಇರುತ್ತೆ. ಆಮೇಲೆ ಹೊಸದಾಗಿ ಏನೂ ಹೋಗಲ್ಲ. ಆದರೆ ಅಷ್ಟರಲ್ಲಿ ಡಾಕ್ಟರ್ ಓದಿ ತಮ್ಮ ಕೇಸ್ ಶೀಟ್‌ನಲ್ಲಿ ಬರ್ಕೊಂಡಿದ್ದು ಅಳಿಸಿ ಹೋಗುತ್ತೆ ಅಂದ್ಕೋಬೇಡಿ. ಅದಕ್ಕೇ ಜಾಗ್ರತೆಯೆಲ್ಲ ಕೊಡೋ ಮುಂಚೆಯೇ ಇರಬೇಕು. "ಸಬ್‌ಸ್ಕ್ರಿಪ್ಷನ್" ಅಥವಾ ತಾನಾಗೇ ಒಪ್ಪಿಗೆ ಕೊಡೋ ಆಯ್ಕೆ ಕಂಡರೆ ಇನ್ನೂ ನಿಧಾನ ಮಾಡಿ, ಅದು ಒಂದು ಸಲದ ಒಪ್ಪಿಗೆ ಅಲ್ಲ.

ಉತ್ತರ (ವೈದ್ಯಕೀಯ ದಾಖಲೆ ವಿಭಾಗ, ವಿಲ್ಸನ್ ಗಾರ್ಡನ್):
ಮೇಲಿನವರು ಹೇಳಿದ್ದು ಸರಿ, ಆದರೆ ದಾಖಲೆಯ ಬಗೆ ಆಯ್ದುಕೊಂಡ ಮಾತ್ರಕ್ಕೆ ಖಿನ್ನತೆಯ ವಿಷಯ ಮುಚ್ಚಿಹೋಗುವುದಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಸಾಮಾನ್ಯವಾಗಿ "ಹಿಂದಿನ ಕಾಯಿಲೆಗಳು" ಎಂಬ ಸಾಲು ಇರುತ್ತದೆ. ಕಣ್ಣಿನ ಪೊರೆ ತೆಗೆದ ಸಮ್ಮರಿಯಲ್ಲೂ. ಪ್ರಿಸ್ಕ್ರಿಪ್ಷನ್‌ನಲ್ಲಿ ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್ ಎಂದು ಬರೆದಿದ್ದರೆ ಓದುವವರಿಗೆ ಬೇರೆ ಹೇಳಬೇಕಿಲ್ಲ. ಒಂದು ದಾಖಲೆಯೊಳಗಿನ ಒಂದು ಸಾಲನ್ನು ಮಾತ್ರ ಮರೆಮಾಡುವ ಸೌಲಭ್ಯ ಒಪ್ಪಿಗೆಯಲ್ಲಿ ಇಲ್ಲ, ಕೊಟ್ಟರೆ ಇಡೀ ಕಾಗದವೇ ಹೋಗುತ್ತದೆ. ಹಾಗಾಗಿ ಆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯನ್ನು ಆಭಾಗೆ ಲಿಂಕ್ ಮಾಡದೇ ಇರುವುದೇ ಗಟ್ಟಿ ದಾರಿ. ಆ ಕಾಗದಗಳನ್ನು ಮನೆಯ ಫೈಲಿನಲ್ಲಿ ಇಡಿ.

ಒಂದೇ ಆಸ್ಪತ್ರೆಯ ಒಳಗಿನ ವಿಚಾರ ಬೇರೆ. ಅಲ್ಲಿನ ತಂತ್ರಾಂಶದಲ್ಲಿ ಯಾರು ಏನು ನೋಡಬಹುದು ಎಂಬುದನ್ನು ಆಸ್ಪತ್ರೆಯೇ ತೀರ್ಮಾನಿಸುತ್ತದೆ, ಆಭಾಗೆ ಸಂಬಂಧವಿಲ್ಲ. ಮನೋವೈದ್ಯರ ಟಿಪ್ಪಣಿ ಬೇರೆ ವಿಭಾಗದವರಿಗೆ ಕಾಣದಂತೆ ನಿರ್ಬಂಧಿಸಿ ಎಂದು ದಾಖಲೆ ವಿಭಾಗಕ್ಕೆ ಬರವಣಿಗೆಯಲ್ಲಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23 ಮತ್ತು 24ನೇ ಸೆಕ್ಷನ್ ಗೋಪ್ಯತೆಯ ಹಕ್ಕು ಕೊಡುತ್ತವೆ, ಡಿಜಿಟಲ್ ರೂಪದ ಮಾಹಿತಿಗೂ ಅದು ಅನ್ವಯ.

ಒಂದು ಮಾತು ಮಾತ್ರ ಮರೆಯಬೇಡಿ. ಖಿನ್ನತೆಯ ಮಾತ್ರೆ ಈಗಲೂ ನಡೆಯುತ್ತಿದ್ದರೆ ಅದನ್ನು ಚಿಕಿತ್ಸೆ ಕೊಡುವ ವೈದ್ಯರಿಗೆ ಬಾಯಿಮಾತಿನಲ್ಲಾದರೂ ತಿಳಿಸಲೇಬೇಕು. ಈ ಗುಂಪಿನ ಹಲವು ಔಷಧಿಗಳ ಜೊತೆ ನೋವಿಗೆ ಟ್ರಮಡಾಲ್ ಕೊಟ್ಟರೆ ದೇಹದಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚಾಗಿ ನಡುಕ, ಜ್ವರ, ಫಿಟ್ಸ್ ತನಕ ಹೋಗಬಹುದು.

ಉತ್ತರ (ವಿಮೆ ಡೆಸ್ಕ್, ಬನಶಂಕರಿ):
ಎಲ್ಲರೂ ಆ್ಯಪ್ ಆ್ಯಪ್ ಅಂತೀರ. ಅಡ್ಮಿಷನ್ ಹೊತ್ತಲ್ಲಿ ಹತ್ತು ಕಡೆ ಸಹಿ ಹಾಕಿಸ್ತಾರಲ್ಲ, ಅದನ್ನ ಯಾರು ಓದ್ತಾರೆ? ಕ್ಯಾಶ್‌ಲೆಸ್ ಅರ್ಜಿಯಲ್ಲೇ ವಿಮೆ ಕಂಪನಿಗೂ ಟಿಪಿಎಗೂ (ಕಂಪನಿ ಪರವಾಗಿ ಕ್ಲೇಮ್ ನೋಡಿಕೊಳ್ಳೋ ಸಂಸ್ಥೆ) ದಾಖಲೆ ನೋಡೋ ಅನುಮತಿ ಇರುತ್ತೆ. ಅದು ಹೊಡೆದುಹಾಕಿದ್ರೆ ಕ್ಲೇಮ್ ನಿಲ್ಲುತ್ತೆ, ಅದಕ್ಕೆ ಕೈ ಹಾಕಬೇಡಿ. ಆದರೆ ತರಬೇತಿಗೆ ಫೋಟೋ, ಪ್ರಚಾರದ ಮೆಸೇಜು, "ಸಹಯೋಗಿ ಸಂಸ್ಥೆಗಳೊಂದಿಗೆ ಹಂಚಿಕೆ" ಅನ್ನೋ ಸಾಲುಗಳು ಇದ್ರೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿ. ಲ್ಯಾಬ್ ರಿಪೋರ್ಟನ್ನ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಿ ಆಮೇಲೆ ಗೋಪ್ಯತೆ ಅಂದ್ರೆ ಏನು ಪ್ರಯೋಜನ ಹೇಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಇನ್ನೆರಡು. ಕ್ಲಿನಿಕ್‌ನದು ಲಿಂಕ್ ಮಾಡೋಕೆ ಹೋದ್ರೆ "ದಾಖಲೆ ಸಿಗಲಿಲ್ಲ" ಅಂತ ಬರ್ತಿದೆ. ಮತ್ತೆ, ಹೊಸ ಕಾನೂನು ಬಂದಿದೆಯಂತಲ್ಲ, ಅದರಿಂದ ನಮಗೇನು?

ಉತ್ತರ (ಎಚ್‌ಎಸ್‌ಆರ್ ಲೇಔಟ್):
ಹೊಂದಿಸಿ ನೋಡೋದು ಫೋನ್ ನಂಬರ್, ಹೆಸರು, ಲಿಂಗ, ಹುಟ್ಟಿದ ವರ್ಷ. ನಮ್ಮಲ್ಲಿ ಕೈಕೊಡೋದು ಇನಿಷಿಯಲ್. ಆಧಾರ್‌ನಲ್ಲಿ ಹಿಂದೆ, ಕ್ಲಿನಿಕ್‌ನಲ್ಲಿ ಮುಂದೆ. ಒಂದು ಕಡೆ ಅಮ್ಮ ಸೇರಿಸಿ, ಇನ್ನೊಂದು ಕಡೆ ಬಿಟ್ಟು. ವರ್ಷ ಅಂತೂ ವಯಸ್ಸು ಅಂದಾಜು ಹೇಳಿ ಬರೆಸಿರ್ತಾರೆ. ಕ್ಲಿನಿಕ್‌ಗೆ ಆಧಾರ್ ತೋರಿಸಿ ಅವರ ನೋಂದಣಿ ತಿದ್ದಿಸಿ, ಆಮೇಲೆ ಮತ್ತೆ ಹುಡುಕಿ. ಕ್ಲಿನಿಕ್ಕೇ ಈ ವ್ಯವಸ್ಥೆಗೆ ಸೇರಿಲ್ಲ ಅಂದ್ರೆ ಏನು ತಿದ್ದಿದ್ರೂ ಸಿಗಲ್ಲ, ಮೊದಲು ಅದನ್ನೇ ಕೇಳಿ.

ಉತ್ತರ (ವಿಲ್ಸನ್ ಗಾರ್ಡನ್):
2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಕಟ್ಟಳೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಇದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡದಲ್ಲಿ ಓದುವ ಆಯ್ಕೆ ಕೊಡಬೇಕು; ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಲು ಆಗಬೇಕು. ಜೀವಕ್ಕೆ ಅಪಾಯವಿರುವ ತುರ್ತಿನಂಥ ಕೆಲವು ಸಂದರ್ಭಗಳಲ್ಲಿ ಒಪ್ಪಿಗೆಗೆ ಕಾಯಬೇಕಿಲ್ಲ.

ಉತ್ತರ (ರಾಜಾಜಿನಗರ):
ಕೊನೇದಾಗಿ ಸರ್, ಅಮ್ಮನ ಆಭಾಗೆ ನಿಮ್ಮ ಫೋನ್ ನಂಬರ್ ಕೊಟ್ಟಿದ್ರೆ ಒಪ್ಪಿಗೆ ಒತ್ತೋದು ನೀವಾಗ್ತೀರ, ಅವರಲ್ಲ. ಅವರ ಹತ್ರ ಕೀಪ್ಯಾಡ್ ಫೋನ್ ಇದ್ರೂ ಪರವಾಗಿಲ್ಲ, ಅವರದೇ ಸಿಮ್ ನಂಬರ್ ಹಾಕಿಸಿ, ಆ್ಯಪ್ ನಿಮ್ಮ ಫೋನಲ್ಲಿರಲಿ. ಆಗ ಒಟಿಪಿ ಅವರಿಗೇ ಬರುತ್ತೆ, ಒಪ್ಪಿಗೆ ಒತ್ತೋ ಮುಂಚೆಯೂ ಅವರನ್ನ ಕೇಳಿ.