ಮಧುಗಿರಿ ಹತ್ತಿದ್ದಾಯ್ತು, ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವುದು ಹೇಗೆ ಶುರು ಮಾಡಲಿ?

ತುಮಕೂರು ಹುಡುಗ:
ಮಧುಗಿರಿಗೆ ಐದಾರು ಸಲ ಹೋಗಿದ್ದೇನೆ, ಕಂಬಿ ಹಿಡಿದು ಹತ್ತುವ ಜಾಗದಲ್ಲೂ ಭಯ ಆಗಲಿಲ್ಲ. ಈಗ ರಾಕ್ ಕ್ಲೈಂಬಿಂಗ್ ಕಲಿಯಬೇಕು. ಗೆಳೆಯ ಹಾರ್ಡ್‌ವೇರ್ ಅಂಗಡಿಯಿಂದ ದಪ್ಪ ನೈಲಾನ್ ಹಗ್ಗ ತಂದಿದ್ದಾನೆ, ಗಂಟು ಹಾಕುವುದನ್ನು ಯೂಟ್ಯೂಬ್ ನೋಡಿ ಕಲಿತೆವು. ಭಾನುವಾರ ದೇವರಾಯನದುರ್ಗದ ಕಡೆ ಹೋಗಬಹುದಾ?

ಸವೆದ ಬೂಟು:
ಬೇಡ ಮಾರಾಯ. ಆ ಹಗ್ಗ ಬಾವಿಗೆ ಸರಿ. ಹತ್ತುವುದಕ್ಕೆ ಡೈನಾಮಿಕ್ ರೋಪ್ ಬೇಕು, ಬಿದ್ದಾಗ ಅದು ಹಿಗ್ಗಿ ಏಟನ್ನು ತಾನೇ ನುಂಗುತ್ತದೆ. ಇಎನ್ 892 ಅಥವಾ ಯುಐಎಎ ಅಂತ ಸುರಕ್ಷತೆಯ ಗುರುತು ಇದೆಯಾ ನೋಡಿ ತೆಗೆದುಕೊಳ್ಳಿ. ಇನ್ನು ಗಂಟು ಬಂದರೆ ಸಾಲದು, ಕೆಳಗೆ ನಿಂತು ಹಗ್ಗ ಹಿಡಿಯುವವನಿಗೆ ಬಿಲೇ ಮಾಡುವುದು, ಅಂದರೆ ಹತ್ತುವವನು ಜಾರಿದರೆ ಹಗ್ಗ ತಡೆದು ನಿಲ್ಲಿಸುವುದು, ಬರಬೇಕು. ಅದನ್ನು ಯೂಟ್ಯೂಬ್ ಕಲಿಸುವುದಿಲ್ಲ. ದೇವರಾಯನದುರ್ಗ ಕಾಡು ಬೇರೆ, ಚಿರತೆ ಕರಡಿ ಓಡಾಡುವ ಜಾಗ, ಅರಣ್ಯ ಇಲಾಖೆಯವರನ್ನು ಕೇಳದೆ ದಾರಿ ಬಿಟ್ಟು ಒಳಗೆ ಹೋಗಬೇಡಿ.

ಕೋಲಾರದ ಕಲ್ಲು:
ನಾನು ಶುರು ಮಾಡಿದ್ದು ನಮ್ಮೂರ ಅಂತರಗಂಗೆಯ ಗುಂಡುಗಳ ಮೇಲೆ, ಹಗ್ಗ ಇಲ್ಲದೆ. ಮೊದಲ ದಿನವೇ ಎರಡಾಳೆತ್ತರದ ಗುಂಡಿನ ಮೇಲೆ ಸರಸರ ಹತ್ತಿಬಿಟ್ಟೆ, ಇಳಿಯಲು ನೋಡಿದರೆ ಕಾಲಿಡುವ ಜಾಗವೇ ಕಾಣಲಿಲ್ಲ, ಮುಕ್ಕಾಲು ಗಂಟೆ ಬಿಸಿಲಲ್ಲಿ ಕೂತು ಕೊನೆಗೆ ಗೆಳೆಯನ ಹೆಗಲ ಮೇಲೆ ಕಾಲಿಟ್ಟು ಇಳಿದೆ. ಅವನು ಇವತ್ತಿಗೂ ಅದನ್ನೇ ಹೇಳಿ ನಗುತ್ತಾನೆ. ಇಳಿಯುವ ದಾರಿ ನೋಡಿಕೊಂಡೇ ಹತ್ತಿ.

ನಮ್ಮ ಕಡೆಯ ಗ್ರಾನೈಟ್‌ನಲ್ಲಿ ಹಿಡಿಯಲು ಸಿಗುವುದು ಕಡಿಮೆ, ಬೂಟಿನ ರಬ್ಬರ್ ನಂಬಿ ನಿಲ್ಲಬೇಕು. ಭಯಕ್ಕೆ ಬಂಡೆಯನ್ನು ತಬ್ಬಿಕೊಂಡರೆ ಜಾರುತ್ತೀರಿ, ಹಿಮ್ಮಡಿ ಇಳಿಸಿ ಸೊಂಟ ಹಿಂದಕ್ಕಿಟ್ಟರೆ ಕಾಲು ಕಚ್ಚುತ್ತದೆ. ಬಂಡೆ ಮೇಲಿನ ಕಪ್ಪು ಪಟ್ಟೆ ನೀರು ಹರಿಯುವ ಜಾಗ, ಮಳೆಗಾಲದಲ್ಲಿ ಅದರ ಮೇಲೆ ಕಾಲಿಟ್ಟರೆ ಸೋಪಿನ ಹಾಗೆ. ಹೆಜ್ಜೇನು ಕಂಡರೆ ಸದ್ದು ಮಾಡದೆ ವಾಪಸ್ ಬನ್ನಿ.

ಸವೆದ ಬೂಟು:
ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಹತ್ತುವ ಗೋಡೆ ಇದೆ. ಯಾವಾಗ ತೆರೆದಿರುತ್ತದೆ ಕೇಳಿಕೊಂಡು ಹೋಗಿ, ಬರುವವರ ಪರಿಚಯ ಮಾಡಿಕೊಳ್ಳಿ. ಆಮೇಲೆ ಅನುಭವ ಇರುವವರ ಜೊತೆ ರಾಮನಗರದಲ್ಲಿ ಟಾಪ್ ರೋಪ್, ಅಂದರೆ ಹಗ್ಗ ಮೇಲಿಂದ ಬಂದಿರುತ್ತದೆ, ಜಾರಿದರೂ ಜಾಸ್ತಿ ಬೀಳುವುದಿಲ್ಲ. ಬಾದಾಮಿಯ ಮರಳುಗಲ್ಲು ಇನ್ನೂ ಚೆಂದ, ಕೈಗೆ ಹಿಡಿತ ಸಿಗುತ್ತದೆ. ಉತ್ತರಕಾಶಿಯಲ್ಲಿ ಪರ್ವತಾರೋಹಣ ಕಲಿಸುವ ನೆಹರು ಇನ್‌ಸ್ಟಿಟ್ಯೂಟ್‌ನಲ್ಲಿ 28 ದಿನದ ಬೇಸಿಕ್ ಕೋರ್ಸ್ ಇದೆ, ಹಿಮಾಲಯದ ಆಸೆ ಇದ್ದರೆ ಆಮೇಲೆ ನೋಡಿ. ದುಡ್ಡು ಸುರಿಯಬೇಡಿ, ಮೊದಲು ಬಂಡೆ ಹತ್ತುವ ಬೂಟು ಮಾತ್ರ. ಹಗ್ಗ, ಹಾರ್ನೆಸ್ (ಹಗ್ಗ ಕಟ್ಟಿಕೊಳ್ಳಲು ಸೊಂಟ, ತೊಡೆಗೆ ಹಾಕುವ ಪಟ್ಟಿ) ಸೆಕೆಂಡ್‌ಹ್ಯಾಂಡ್ ಅಂತೂ ಬೇಡವೇ ಬೇಡ.

ತುಮಕೂರು ಹುಡುಗ:
ಥ್ಯಾಂಕ್ಸ್. ಭಾನುವಾರದ್ದು ಕ್ಯಾನ್ಸಲ್. ಹಗ್ಗವನ್ನು ಅಮ್ಮ ಆಗಲೇ ಮಹಡಿ ಮೇಲೆ ಬಟ್ಟೆ ಒಣಗಿಸಲು ಕಟ್ಟಿಬಿಟ್ಟಿದ್ದಾರೆ. ಬೂಟು ಕಾಲಿಗಿಂತ ಚಿಕ್ಕದೇ ತೆಗೆದುಕೊಳ್ಳಬೇಕಾ?

ಕೋಲಾರದ ಕಲ್ಲು:
ಮೊದಲನೆಯದು ಬಿಗಿ ಇದ್ದರೆ ಸಾಕು, ಬೆರಳು ನೋಯುವಷ್ಟು ಬೇಡ.