ಸೀರಿಯಲ್ ಲೈನ್ ಪ್ರಶ್ನೋತ್ತರ: ಸಿಆರ್‌ಸಿ ಕಾಣುವುದು ಒಂದು ಕಡೆ, ತಪ್ಪು ಇನ್ನೊಂದು ಕಡೆ

ವಿದ್ಯಾರ್ಥಿ: ಸರ್, ಲ್ಯಾಬಿನಲ್ಲಿ ಎರಡು ಸಿಸ್ಕೋ ರೌಟರ್ ನೇರವಾಗಿ ಜೋಡಿಸಿದ್ದೇನೆ. ಸೀರಿಯಲ್ ಅಪ್, ಲೈನ್ ಪ್ರೋಟೋಕಾಲ್ ಡೌನ್ ಅಂತ ಬರುತ್ತಿದೆ, ಅಂದರೆ ಕೇಬಲ್‌ನಲ್ಲಿ ಸಿಗ್ನಲ್ ಇದೆ, ರೌಟರ್‌ಗಳ ಮಾತು ನಡೆಯುತ್ತಿಲ್ಲ.

ಎಂಜಿನಿಯರ್: ಶೋ ಕಂಟ್ರೋಲರ್ಸ್ ಕಮಾಂಡ್ ಕೊಡಿ. ಡಿಸಿಇ (ಬಿಟ್ ಕಳಿಸಲು ಗಡಿಯಾರ ಕೊಡುವ ಬದಿ) ಅಂತ ಕಾಣುವ ತುದಿಯಲ್ಲಿ ಕ್ಲಾಕ್ ರೇಟ್ 64000 ಹಾಕಿ. ಒಂದು ಕಡೆ ಎಚ್‌ಡಿಎಲ್‌ಸಿ, ಇನ್ನೊಂದು ಕಡೆ ಪಿಪಿಪಿ ಇದೆಯಾ ಅಂತಲೂ ನೋಡಿ. ಇವು ಲೈನಿನ ಮೇಲೆ ಪ್ಯಾಕೆಟ್ ಕಟ್ಟುವ ಎರಡು ರೀತಿ, ಎರಡೂ ಕಡೆ ಒಂದೇ ಇರಬೇಕು.

ಬ್ಯಾಂಕ್ ಸದಸ್ಯ: ನಮಸ್ಕಾರ ಸರ್. ಬೆಂಗಳೂರಿನ ನಮ್ಮ ಕೇಂದ್ರ ಕಚೇರಿಗೂ ಹಾವೇರಿ ಕಡೆಯ ಶಾಖೆಗೂ ಟೆಲಿಕಾಂ ಕಂಪನಿಯಿಂದ ಬಾಡಿಗೆಗೆ ಪಡೆದ 2 ಎಂಬಿಪಿಎಸ್ ಲೀಸ್ಡ್ ಲೈನ್ ಇದೆ. ಹತ್ತು ದಿನದಿಂದ ಕೇಂದ್ರ ಕಚೇರಿಯ ರೌಟರ್‌ನಲ್ಲಿ ಸಿಆರ್‌ಸಿ (ಹಾಳಾಗಿ ಬಂದ ಪ್ಯಾಕೆಟ್‌ಗಳ ಎಣಿಕೆ) ಏರುತ್ತಲೇ ಇದೆ. ಇಲ್ಲಿನ ರೌಟರ್‌ಗೂ ಮೋಡೆಮ್‌ಗೂ ನಡುವಿನ ವಿ.35 ಕೇಬಲ್, ರೌಟರ್‌ನ ಸೀರಿಯಲ್ ಕಾರ್ಡ್ ಎರಡನ್ನೂ ಬದಲಿಸಿದೆವು. ಶಾಖೆಯ ರೌಟರ್‌ನಲ್ಲಿ ಸಿಆರ್‌ಸಿ ಸೊನ್ನೆ. ಕೆಲಸದ ಹೊತ್ತಿನಲ್ಲಿ ಜಾಸ್ತಿ, ರಾತ್ರಿ ಬಹುತೇಕ ಇಲ್ಲ. ವೇಗ ಸಾಲದು ಅಂತ ಒಬ್ಬರು ಹೇಳಿದರು.

ಗದಗದ ಸದಸ್ಯ: ನೋ ಕೀಪ್‌ಅಲೈವ್ ಕಮಾಂಡ್ ಹಾಕಿ ಸಾಕು, ಆಚೆ ರೌಟರ್ ಬದುಕಿದೆಯಾ ಅಂತ ಆಗಾಗ ನೋಡುವ ಸಂದೇಶ ನಿಲ್ಲುತ್ತದೆ, ಲೈನ್ ಬೀಳುವುದೇ ಇಲ್ಲ. ನಮ್ಮ ಗ್ರೂಪಿನಲ್ಲಿ ಬಂದಿತ್ತು.

ಎಂಜಿನಿಯರ್: ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಎಚ್‌ಡಿಎಲ್‌ಸಿಯಲ್ಲಿ ಕೀಪ್‌ಅಲೈವ್ ತೆಗೆದರೆ ಆಚೆ ರೌಟರ್ ಸತ್ತಿದ್ದರೂ ಇಲ್ಲಿ ಅಪ್ ಅಂತಲೇ ತೋರಿಸುತ್ತದೆ, ಬ್ಯಾಕಪ್ ಲೈನ್ ಎದ್ದೇಳುವುದಿಲ್ಲ, ಶಾಖೆಯಲ್ಲಿ ಜನ ಸಾಲಿನಲ್ಲಿ ನಿಂತಿರುತ್ತಾರೆ. ಅವರ ಲೈನ್ ಬಿದ್ದೂ ಇಲ್ಲ, ಓದಿ ಉತ್ತರಿಸಿ.
ಬ್ಯಾಂಕಿನವರೇ, ಹತ್ತು ದಿನದ ಹಿಂದೆ ಏನಾದರೂ ಬದಲಾಯಿತಾ?

ಬ್ಯಾಂಕ್ ಸದಸ್ಯ: ಸಿಡಿಲಿಗೆ ಶಾಖೆಯ ಮೋಡೆಮ್ ಸುಟ್ಟಿತ್ತು. ಹೊಸದು ಹಾಕಿದರು.

ಕಾರವಾರದ ಸದಸ್ಯ: ಈ ಕಾಲದಲ್ಲೂ ಲೀಸ್ಡ್ ಲೈನ್ ಯಾಕೆ? ಫೈಬರ್ ಹಾಕಿಸಿ.

ಗದಗದ ಸದಸ್ಯ: ಫೈಬರ್ ಎಲ್ಲ ಊರಿಗೂ ಬಂದಿದೆಯಾ? ಸುಮ್ನೆ ಹೇಳಬೇಡಿ.

ಕಾರವಾರದ ಸದಸ್ಯ: ಫಾರ್ವರ್ಡ್ ನೋಡಿ ಸಲಹೆ ಕೊಡುವವರು ನೀವು, ನನಗೆ ಹೇಳುತ್ತೀರಾ?

ಎಂಜಿನಿಯರ್: ಆ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಬ್ಯಾಂಕಿನವರೇ, ಹೊಸ ಮೋಡೆಮ್‌ನ ಕ್ಲಾಕ್ ನೋಡಿಸಿ. ಅದು ಇಂಟರ್ನಲ್‌ನಲ್ಲಿದೆ, ಅಂದರೆ ಮೋಡೆಮ್ ತನ್ನದೇ ಗಡಿಯಾರ ಹಿಡಿದಿದೆ ಅಂತ ನನ್ನ ಅನುಮಾನ. ಸಿಆರ್‌ಸಿ ಎಣಿಸುವುದು ಪ್ಯಾಕೆಟ್ ಪಡೆಯುವ ರೌಟರ್. ಹಾಗಾಗಿ ನಿಮ್ಮಲ್ಲಿ ಏರುತ್ತಿದ್ದರೆ ಶಾಖೆಯಿಂದ ನಿಮ್ಮ ಕಡೆಗೆ ಬರುವ ದಾರಿ ಕೆಟ್ಟಿದೆ. ಆ ದಾರಿ ಶುರುವಾಗುವುದೇ ಆ ಮೋಡೆಮ್‌ನಲ್ಲಿ. ಅದು ತನ್ನ ಗಡಿಯಾರದಲ್ಲಿ ಕಳಿಸಿ, ಕಂಪನಿಯ ಜಾಲ ತನ್ನ ಗಡಿಯಾರದಲ್ಲಿ ನಡೆದರೆ, ಹತ್ತು ಲಕ್ಷಕ್ಕೆ ಬರೀ 10 ಬಿಟ್ ವ್ಯತ್ಯಾಸವಿದ್ದರೂ 20,48,000 ಬಿಟ್‌ನ ಲೈನಿನಲ್ಲಿ ಸೆಕೆಂಡಿಗೆ ಸುಮಾರು 20 ಬಿಟ್ ಹೆಚ್ಚು ಕಡಿಮೆಯಾಗುತ್ತದೆ. ಇಂಥ ಲೈನಿಗೆ ಇ1 ಅನ್ನುತ್ತಾರೆ, ಅದರ ಒಂದು ಫ್ರೇಮ್ ಅಂದರೆ 256 ಬಿಟ್‌ನ ಕಂತೆ. ಹನ್ನೆರಡು ಹದಿಮೂರು ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಜಾರುತ್ತದೆ. ಆ ಕ್ಷಣ ಪ್ಯಾಕೆಟ್ ಹೋಗುತ್ತಿದ್ದರೆ ಅದು ಹಾಳು, ಲೈನ್ ಖಾಲಿಯಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ರಾತ್ರಿ ಶಾಂತವಾಗಿರುವುದು ಅದಕ್ಕೇ. ವೇಗ ಸಾಲದಿದ್ದರೆ ಏರಬೇಕಾದದ್ದು ಔಟ್‌ಪುಟ್ ಡ್ರಾಪ್ಸ್ (ಸಾಲು ತುಂಬಿ ಕಳಿಸದೆ ಬಿಟ್ಟ ಪ್ಯಾಕೆಟ್‌ಗಳ ಎಣಿಕೆ), ಸಿಆರ್‌ಸಿ ಅಲ್ಲ.
ಮೋಡೆಮ್ ನೀವೇ ಮುಟ್ಟಬೇಡಿ. ಕಂಪನಿಯವರಿಂದ ಲೈನ್ ಕ್ಲಾಕ್‌ಗೆ, ಅಂದರೆ ಅವರ ಜಾಲದ ಗಡಿಯಾರಕ್ಕೆ, ಹಾಕಿಸಿ. ಆಮೇಲೆ ಕ್ಲಿಯರ್ ಕೌಂಟರ್ಸ್ ಕೊಟ್ಟು ಎಣಿಕೆ ಸೊನ್ನೆ ಮಾಡಿ, 1500 ಬೈಟ್‌ನ ಪಿಂಗ್ (ಪರೀಕ್ಷಾ ಪ್ಯಾಕೆಟ್) ಸಾವಿರ ಸಲ ಬಿಡಿ, ಸಿಆರ್‌ಸಿ ಏರುತ್ತದಾ ನೋಡಿ.

ಹೊಸ ಸದಸ್ಯ: ಸರ್, ಹಳೆಯ ಸೀರಿಯಲ್ ಕಾರ್ಡ್ ಬೆಂಗಳೂರಿನಲ್ಲಿ ಎಷ್ಟಕ್ಕೆ ಸಿಗುತ್ತದೆ?

ಇನ್ನೊಬ್ಬ ವಿದ್ಯಾರ್ಥಿ: ಸೀರಿಯಲ್ ಅಪ್, ಲೈನ್ ಪ್ರೋಟೋಕಾಲ್ ಡೌನ್, ಏನು ಮಾಡಬೇಕು?

ಎಂಜಿನಿಯರ್: ಮೊದಲ ಉತ್ತರ ಓದಿ.

ಗದಗದ ಸದಸ್ಯ: ಕಲಿಯುವವರಿಗೆ ಸ್ವಲ್ಪ ಸಮಾಧಾನದಿಂದ ಹೇಳಬಹುದಲ್ವಾ?

ಎಂಜಿನಿಯರ್: ಒಂದೇ ಪ್ರಶ್ನೆ, ಮೇಲೆಯೇ ಉತ್ತರ ಇದೆ. ನೀವು ಆ ಫಾರ್ವರ್ಡ್ ಅಳಿಸಿದಿರಾ?

ಬ್ಯಾಂಕ್ ಸದಸ್ಯ: ಸರ್, ಇಂಟರ್ನಲ್‌ನಲ್ಲೇ ಇತ್ತು. ಮಧ್ಯಾಹ್ನ ಬದಲಿಸಿದರು. ಎರಡು ಗಂಟೆಯಿಂದ ಸಿಆರ್‌ಸಿ ಸೊನ್ನೆ.

ಎಂಜಿನಿಯರ್: ನಾಳೆ ಶಾಖೆ ಮುಚ್ಚುವವರೆಗೆ ಬಿಟ್ಟು ಮತ್ತೆ ನೋಡಿ. ಮೋಡೆಮ್ ಮೇಲೆ ಕ್ಲಾಕ್ ಲೈನ್ ಅಂತ ಬರೆದ ಚೀಟಿ ಅಂಟಿಸಿ, ಮುಂದಿನ ಸಿಡಿಲಿಗೆ ಬೇಕಾಗುತ್ತದೆ.