ಎನಿಡ್ ಬ್ಲೈಟನ್ ಅಂಗಡಿ ಮುಚ್ಚಿದೆಯಂತೆ. ಇನ್ನು ಕಾರ್ಫ್ ಕ್ಯಾಸಲ್‌ಗೆ ಹೋದರೆ ನೋಡೋಕೆ ಏನಿದೆ?

ತೀರ್ಥಹಳ್ಳಿ_ಓದುಗಿ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಕೆಲಸದ ಮೇಲೆ ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿದ್ದಾಳೆ. ಅಲ್ಲಿಂದ ಕಾರ್ಫ್ ಕ್ಯಾಸಲ್ ಹಳ್ಳಿ ಹೆಚ್ಚು ದೂರವಿಲ್ಲ. ಆ ಹಳ್ಳಿಯಲ್ಲಿ ಜಿಂಜರ್ ಪಾಪ್ ಅಂತ ಒಂದು ಅಂಗಡಿ ಇತ್ತು, ಪೂರ್ತಿ ಇಂಗ್ಲಿಷ್ ಮಕ್ಕಳ ಲೇಖಕಿ ಎನಿಡ್ ಬ್ಲೈಟನ್‌ಗೇ ಮೀಸಲು. ಹೋಗಿ ನನ್ನ ಮಗಳಿಗೆ ಏನಾದರೂ ತಗೊಂಡು ಬಾ ಅಂತ ತಂಗಿಗೆ ಹೇಳಿದ್ದೆ. ಅವಳು ವಿಚಾರಿಸಿದರೆ ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಗಿದೆಯಂತೆ.

ನಾನು ಆ ಊರನ್ನು ಕಂಡವಳಲ್ಲ, ಆದರೂ ತುಂಬಾ ಬೇಜಾರಾಯಿತು. ಮಳೆಗಾಲದಲ್ಲಿ ಶಾಲೆಗೆ ರಜೆ ಕೊಟ್ಟಾಗ ನಮಗೆ ಹೊರಗೆ ಹೋಗೋದು ಅಂದರೆ ಆಕೆಯ ಫೇಮಸ್ ಫೈವ್ ಸರಣಿಯ ನಾಲ್ಕು ಮಕ್ಕಳು ಮತ್ತು ನಾಯಿಯ ಜೊತೆ ಹೋಗೋದೇ ಆಗಿತ್ತು. ಶಿವಮೊಗ್ಗದಲ್ಲಿ ನಮ್ಮ ಸೋದರತ್ತೆ ಮನೆ ಇತ್ತು. ಅವರ ಮನೆಗೆ ಹೋದಾಗಲೆಲ್ಲ ದುರ್ಗಿಗುಡಿ ಕಡೆಯ ಒಂದು ಬಾಡಿಗೆ ಪುಸ್ತಕದ ಅಂಗಡಿಯಿಂದ ಎರಡು ಮೂರು ಪುಸ್ತಕ ತರುತ್ತಿದ್ದೆವು. ನಾನು ಓದಿ ಮುಗಿಸುವವರೆಗೆ ತಂಗಿ ಪಕ್ಕದಲ್ಲೇ ಕೂತಿರುತ್ತಿದ್ದಳು. ಆ ಬಾಡಿಗೆ ಅಂಗಡಿಯೂ ಈಗ ಇಲ್ಲ.

ನಾನು ಕೇಳೋದು ಎರಡು ವಿಷಯ. ಅಂಗಡಿ ಇಲ್ಲದಿದ್ದರೂ ಆ ಕಡೆ ತಂಗಿ ನೋಡಬಹುದಾದ ಜಾಗ ಯಾವುವು? ಇನ್ನೊಂದು, ಇಷ್ಟು ಜನ ಪ್ರೀತಿಸುವ ಲೇಖಕಿಯ ಹೆಸರಲ್ಲಿ ಒಂದು ಅಂಗಡಿ ಕೂಡ ಯಾಕೆ ಉಳಿಯೋದಿಲ್ಲ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸಾಗರದವ_ಪೂಲ್‌ನಲ್ಲಿ

ಅಕ್ಕಾ, ಖಂಡಿತ ಹೋಗಲು ಹೇಳಿ. ಅಂಗಡಿ ಮಾತ್ರ ಹೋಗಿದೆ. ಪುಸ್ತಕದಲ್ಲಿ ಓದಿದ ಊರೆಲ್ಲ ಹಾಗೇ ಇದೆ.

ಪೂಲ್‌ನಿಂದ 40ನೇ ನಂಬರಿನ ಬಸ್ಸು ವೇರಮ್ ಮೇಲೆ ಕಾರ್ಫ್ ಕ್ಯಾಸಲ್‌ಗೆ, ಅಲ್ಲಿಂದ ಸ್ವಾನೇಜ್‌ಗೆ ಹೋಗುತ್ತದೆ. ನನ್ನ ಸಲಹೆ ಏನೆಂದರೆ, ಮೊದಲು ಸ್ವಾನೇಜ್‌ಗೆ ಹೋಗಿ, ಅಲ್ಲಿಂದ ಹಳೇ ಉಗಿಬಂಡಿ ಹತ್ತಿ ಕಾರ್ಫ್ ಕ್ಯಾಸಲ್ ಸ್ಟೇಷನ್ನಿನಲ್ಲಿ ಇಳಿಯಬೇಕು. ರೈಲು ಊರಿನ ಹತ್ತಿರ ಬರುವಾಗ ಗುಡ್ಡದ ಮೇಲೆ ಮುರಿದ ಕೋಟೆ ಕಾಣಿಸುತ್ತದೆ. ಬಸ್ಸಿನಲ್ಲಿ ಬಂದವರಿಗೆ ಈ ನೋಟ ಹೀಗೆ ಸಿಗೋದಿಲ್ಲ. ಚಳಿಗಾಲದಲ್ಲಿ ರೈಲು ದಿನಾ ಓಡಲ್ಲ, ವೇಳಾಪಟ್ಟಿ ನೋಡಿಕೊಂಡು ಹೊರಡಲಿ.

ಕೋಟೆ ಮುರಿದಿದ್ದು ತಾನಾಗಿ ಅಲ್ಲ. ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ, 1646ರಲ್ಲಿ, ಪಾರ್ಲಿಮೆಂಟ್ ಕಡೆಯವರು ಮದ್ದು ಇಟ್ಟು ಒಡೆದರು. ಈಗಲೂ ಗೋಡೆಗಳು ವಾಲಿಕೊಂಡೇ ನಿಂತಿವೆ. ಫೇಮಸ್ ಫೈವ್ ಕತೆಗಳಲ್ಲಿ ಬರುವ ಕಿರಿನ್ ದ್ವೀಪದ ಕೋಟೆ ಇದೇ ಅಂತ ಎಷ್ಟೋ ಓದುಗರು ನಂಬುತ್ತಾರೆ. ಆ ಸರಣಿಯ ಮೊದಲ ಪುಸ್ತಕವನ್ನು 1957ರಲ್ಲಿ ಮಕ್ಕಳ ಸಿನಿಮಾ ಮಾಡಿದಾಗ ಕಿರಿನ್ ಕೋಟೆ ಅಂತ ತೋರಿಸಿದ್ದೂ ಇದನ್ನೇ. ಒಳಗೆ ಹೋಗಲು ಟಿಕೆಟ್ ಇದೆ. ಆದರೆ ಎದುರಿನ ಗುಡ್ಡ ಹತ್ತಿ ನೋಡಿದರೆ ದುಡ್ಡೂ ಬೇಡ, ನೋಟವೂ ಚೆಂದ.

ಇನ್ನೊಂದು ದಿನ ಸಿಕ್ಕರೆ ಪೂಲ್ ಬಂದರಿನಿಂದ ದೋಣಿಯಲ್ಲಿ ಬ್ರೌನ್ಸೀ ದ್ವೀಪಕ್ಕೆ ಹೋಗಲಿ. ಫೇಮಸ್ ಫೈವ್‌ನ ಇಪ್ಪತ್ತನೇ ಪುಸ್ತಕದಲ್ಲಿ ಪಿಸುಗುಟ್ಟುವ ದ್ವೀಪ ಬರುತ್ತದಲ್ಲ, ಅದು ಈ ದ್ವೀಪವನ್ನೇ ನೋಡಿ ಬರೆದದ್ದು. ಕೆಂಪು ಅಳಿಲುಗಳಿವೆ. 1907ರಲ್ಲಿ ಬೇಡನ್ ಪೊವೆಲ್ ಮೊದಲ ಸ್ಕೌಟ್ ಶಿಬಿರ ಮಾಡಿದ್ದೂ ಅಲ್ಲೇ, ನಿಮ್ಮ ಮಗಳು ಶಾಲೆಯಲ್ಲಿ ಗೈಡ್ಸ್‌ನಲ್ಲಿದ್ದರೆ ಹೇಳಿ. ಬ್ಲೈಟನ್ ವರ್ಷ ವರ್ಷ ರಜೆಗೆ ಬರುತ್ತಿದ್ದದ್ದು ಸ್ವಾನೇಜ್ ಕಡೆಗೆ. ಪಕ್ಕದ ಸ್ಟಡ್‌ಲ್ಯಾಂಡ್‌ನಲ್ಲಿ ಅವರೂ ಅವರ ಗಂಡನೂ 1950ರ ದಶಕದಲ್ಲಿ ಒಂದು ಗಾಲ್ಫ್ ಮೈದಾನವನ್ನೇ ಕೊಂಡು ನಡೆಸಿದ್ದರು.

ಹಳೇ_ಪುಸ್ತಕದಂಗಡಿ

ಮೇಡಂ, ನಿಮ್ಮ ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಶಿವಮೊಗ್ಗದಲ್ಲೇ ಬಾಡಿಗೆ ಪುಸ್ತಕದ ಅಂಗಡಿ ನಡೆಸಿ ಮುಚ್ಚಿದವನು ನಾನು. ಜಿಂಜರ್ ಪಾಪ್ ಅಂಗಡಿಯ ಲೆಕ್ಕ ನನಗೆ ಗೊತ್ತಿಲ್ಲ, ಆದರೆ ಈ ವ್ಯಾಪಾರ ಗೊತ್ತು.

ಒಬ್ಬರೇ ಲೇಖಕರ ಅಂಗಡಿ ಅಂದರೆ ಬಂದವರು ಒಂದು ಸಲ ಬರುತ್ತಾರೆ. ಖುಷಿಪಡುತ್ತಾರೆ, ಫೋಟೊ ತೆಗೆಯುತ್ತಾರೆ, ಒಂದು ಪುಸ್ತಕ ಕೊಳ್ಳುತ್ತಾರೆ. ಮುಂದಿನ ತಿಂಗಳು ಅವರು ಮತ್ತೆ ಬರೋದಿಲ್ಲ. ಬಾಡಿಗೆ ಮಾತ್ರ ಪ್ರತಿ ತಿಂಗಳೂ ಬರುತ್ತದೆ! ಪ್ರವಾಸಿಗರ ಊರಾದರೆ ಬೇಸಿಗೆಯಲ್ಲಿ ನೂಕುನುಗ್ಗಲು, ಉಳಿದ ಕಾಲ ಖಾಲಿ. ಅದರ ಮೇಲೆ ಅದೇ ಪುಸ್ತಕ ಬೇರೆ ಕಡೆ ಕಡಿಮೆ ಬೆಲೆಗೆ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಒಂದು ಕಾಲದಲ್ಲಿ ಪ್ರಕಾಶಕರು ಹಾಕಿದ ಬೆಲೆಗೇ ಎಲ್ಲರೂ ಮಾರಬೇಕು ಅನ್ನೋ ಒಪ್ಪಂದ ಇತ್ತು. 1990ರ ದಶಕದಲ್ಲಿ ಅದು ಹೋಯಿತು. ಆಮೇಲೆ ಸೂಪರ್ ಮಾರ್ಕೆಟ್ಟಿನವರು, ಆನ್‌ಲೈನಿನವರು ಇಷ್ಟ ಬಂದ ಹಾಗೆ ಬೆಲೆ ಇಳಿಸಿದರು. ಚಿಕ್ಕ ಅಂಗಡಿಯವರಿಗೆ ಅಷ್ಟು ಬಿಟ್ಟುಕೊಡಲು ಆಗಲ್ಲ.

ಆದರೆ ನಾನು ನೋಡಿದ ಮಟ್ಟಿಗೆ ಅಂಗಡಿ ಮುಚ್ಚಲು ದುಡ್ಡೊಂದೇ ಕಾರಣ ಅಲ್ಲ. ಇಂಥ ಅಂಗಡಿ ಒಬ್ಬರ ಮೇಲೆ ನಿಂತಿರುತ್ತದೆ. ಯಾವ ಮಗು ಯಾವುದನ್ನು ಓದಿದೆ, ಮುಂದೆ ಏನು ಕೊಡಬೇಕು ಅನ್ನೋದು ಆ ಒಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ. ಅವರಿಗೆ ವಯಸ್ಸಾಗುತ್ತದೆ, ಕಾಲು ನೋವು ಬರುತ್ತದೆ, ಮಕ್ಕಳು ಬೆಂಗಳೂರಿನಲ್ಲಿ ನೆಲೆಸುತ್ತಾರೆ. ಅಂಗಡಿಯನ್ನು ಬೇರೆಯವರಿಗೆ ಮಾರಬಹುದು, ಈ ತಿಳಿವಳಿಕೆಯನ್ನು ಹೇಗೆ ಮಾರೋದು? ನಾನು ಮುಚ್ಚುವಾಗ ಪುಸ್ತಕಗಳನ್ನು ತೂಕಕ್ಕೆ ಹಾಕಲಿಲ್ಲ. ಮಕ್ಕಳ ಪುಸ್ತಕ ಎಲ್ಲ ಒಂದು ಹಳ್ಳಿ ಶಾಲೆಗೆ ಕೊಟ್ಟೆ. ಅಲ್ಲಿ ಬೀರುವಿಗೆ ಬೀಗ ಹಾಕಿ ಇಟ್ಟಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಅಂಗಡಿ ಮುಚ್ಚಿದ್ದಕ್ಕಿಂತ ಅದೇ ನನಗೆ ಜಾಸ್ತಿ ನೋವಾದದ್ದು.

ಬ್ಲೈಟನ್ ಅವರ ಸ್ವಂತ ಮನೆಯೇ ಉಳಿದಿಲ್ಲ ಮೇಡಂ. ಬೀಕನ್ಸ್‌ಫೀಲ್ಡ್‌ನಲ್ಲಿ ಗ್ರೀನ್ ಹೆಜಸ್ ಅನ್ನೋ ಮನೆಯಲ್ಲಿ 1938ರಿಂದ ಇದ್ದರು. ಅವರು 1968ರಲ್ಲಿ ತೀರಿಕೊಂಡರು, 1973ರಲ್ಲಿ ಮನೆ ಕೆಡವಿದರು. ಅದೇ ಊರಿನ ಬೆಕನ್‌ಸ್ಕಾಟ್ ಅನ್ನೋ ಪುಟಾಣಿ ಮಾದರಿ ಊರಿನಲ್ಲಿ ಆ ಮನೆಯ ಚಿಕ್ಕ ಮಾದರಿ ಇದೆ. ತಂಗಿ ಲಂಡನ್ ಕಡೆ ಹೋದರೆ ನೋಡಬಹುದು.

ಕುಪ್ಪಳಿ_ದಾರಿ

ಎಲ್ಲರ ಬೇಜಾರು ಅರ್ಥವಾಗುತ್ತದೆ. ಆದರೂ ಒಂದು ಮಾತು ಕೇಳಲೇಬೇಕು. ಆಕೆಯ ಪುಸ್ತಕಗಳಲ್ಲಿ ಪರದೇಶದವರು, ಕಪ್ಪು ಬಣ್ಣದವರು ಅಂದರೆ ಕೆಟ್ಟವರೇ ಅನ್ನೋ ತರ ಚಿತ್ರಿಸಿದ್ದು ಇದೆ ಅಲ್ವಾ? ಆ ಕಾರಣಕ್ಕೇ ಟೀಕೆ ಬರುತ್ತದೆ ಅಂತ ಹೆದರಿ ಬ್ರಿಟನ್ನಿನ ಟಂಕಸಾಲೆಯವರು ಆಕೆಯ ನೆನಪಿನ ನಾಣ್ಯ ಬೇಡ ಅಂತ ಕೈಬಿಟ್ಟರು. ಬಿಬಿಸಿ ರೇಡಿಯೊ ಕೂಡ, ಸಾಹಿತ್ಯದ ಗುಣ ಸಾಲದು ಅಂತ, ಎಷ್ಟೋ ವರ್ಷ ಆಕೆಯ ಕತೆಗಳನ್ನು ದೂರ ಇಟ್ಟಿತ್ತು. ನಮ್ಮ ಮಕ್ಕಳು ಆ ಕತೆಗಳ ಒಳಗೆ ಇದ್ದಿದ್ದರೆ ಯಾವ ಪಾತ್ರ ಆಗುತ್ತಿದ್ದರು ಅಂತ ಯೋಚಿಸಿ. ಅದೇ ಪ್ರೀತಿಯನ್ನು ನಮ್ಮವರಿಗೆ ಕೊಡಬಾರದಾ? ಕಿಂದರಿಜೋಗಿಯ ಮೂಲ ಬ್ರೌನಿಂಗ್‌ನ ಇಂಗ್ಲಿಷ್ ಪದ್ಯವೇ ಇರಬಹುದು. ಆದರೆ ಕುವೆಂಪು ಕೈಯಲ್ಲಿ ಅದು ಬೊಮ್ಮನಹಳ್ಳಿಗೆ ಬಂದು ನಮ್ಮದೇ ಆಯಿತು.

ತೀರ್ಥಹಳ್ಳಿ_ಓದುಗಿ

ನಿಮ್ಮ ಮಾತು ಸರಿ, ನಾನು ಒಪ್ಪುತ್ತೇನೆ. ಮಗಳಿಗೆ ಓದಿ ಹೇಳುವಾಗ ಅಂಥ ಜಾಗ ಬಂದರೆ ನಾನು ಹಾರಿಸೋದಿಲ್ಲ. ನಿಲ್ಲಿಸಿ, ಇದು ತಪ್ಪು, ಆಗ ಹೀಗೆ ಬರೆಯುತ್ತಿದ್ದರು ಅಂತ ಹೇಳುತ್ತೇನೆ. ಅವಳು ಕೇಳುವ ಪ್ರಶ್ನೆ ಇನ್ನೂ ಜೋರು. ಐವರಲ್ಲಿ ಆನ್ ಅನ್ನೋ ಹುಡುಗಿ ಮಾತ್ರ ಯಾಕೆ ಪಾತ್ರೆ ತೊಳೀಬೇಕು ಅಂತ ಕೇಳಿದಳು! ಜಾರ್ಜ್ ಅವಳಿಗೆ ತುಂಬಾ ಇಷ್ಟ. ಹುಡುಗಿಯಾದರೂ ಹುಡುಗನ ಹಾಗೆ ಇರುತ್ತೇನೆ ಅಂತ ಹಟ ಹಿಡಿದು, ತಾನೇ ದೋಣಿ ನಡೆಸಿಕೊಂಡು ತನ್ನ ದ್ವೀಪಕ್ಕೆ ಹೋಗುವ ಹುಡುಗಿ. 1942ರಲ್ಲಿ ಅಂಥ ಹುಡುಗಿಯನ್ನು ಬರೆದದ್ದು ಸುಮ್ನೆ ಅಲ್ಲ. ಒಬ್ಬರನ್ನು ಓದಿದ್ದಕ್ಕೆ ಇನ್ನೊಬ್ಬರನ್ನು ಬಿಡಬೇಕಾಗಿಲ್ಲ. ನಮ್ಮ ಮನೆಯಲ್ಲಿ ಕಿಂದರಿಜೋಗಿ ಬಾಯಿಪಾಠ ಆಗಿದೆ.

ನಗರ_ಟೀಚರ್

ನಾನು ಹೊಸನಗರ ಕಡೆ ಪ್ರೈಮರಿ ಶಾಲೆಯಲ್ಲಿದ್ದೇನೆ. ಫೇಮಸ್ ಫೈವ್‌ನ ಕತೆಗಳನ್ನು ಕನ್ನಡದಲ್ಲಿ ಬಾಯಲ್ಲೇ ಹೇಳುತ್ತೇನೆ, ದಿನಕ್ಕೊಂದು ಅಧ್ಯಾಯ. ಮಕ್ಕಳಿಗೆ ಕಾರ್ಫ್ ಕೋಟೆ ಗೊತ್ತಿಲ್ಲ. ನಗರ ಅನ್ನೋ ಊರಿನ ಕೋಟೆ ಗೊತ್ತು. ಕೆಳದಿಯವರ ರಾಜಧಾನಿ, 1763ರಲ್ಲಿ ಹೈದರ್ ಅಲಿ ಹಿಡಿದದ್ದು. ಆ ಕೋಟೆಯ ಕೊಳಗಳನ್ನು, ಮುರಿದ ಗೋಡೆಗಳನ್ನು ನೋಡಿದ ಮಕ್ಕಳಿಗೆ ನೆಲಮಾಳಿಗೆಯ ಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ. ಮಂಡಗದ್ದೆಯಲ್ಲಿ ತುಂಗೆಯ ನಡುವೆ ಹಕ್ಕಿಗಳ ನಡುಗಡ್ಡೆ ಇದೆಯಲ್ಲ, ಅದೇ ಕಿರಿನ್ ದ್ವೀಪ ಅಂತ ನಮ್ಮ ಮಕ್ಕಳು ತೀರ್ಮಾನ ಮಾಡಿದ್ದಾರೆ.

ಓದುಗಿಯವರೇ, ನೀವು ತೀರ್ಥಹಳ್ಳಿಯವರು, ಕವಲೇದುರ್ಗ ನಿಮ್ಮ ತಾಲ್ಲೂಕಿನಲ್ಲೇ ಇದೆ. ಗದ್ದೆಯ ಪಕ್ಕದ ಕಲ್ಲುಹಾಸಿನ ದಾರಿಯಿಂದ ಹತ್ತಿ, ಒಂದಾದ ಮೇಲೊಂದು ಬಾಗಿಲು ದಾಟಿ, ಮೇಲೆ ಕೂತು ಮಗಳ ಜೊತೆ ಒಂದು ಅಧ್ಯಾಯ ಓದಿ ನೋಡಿ. ಮಳೆಗಾಲದಲ್ಲಿ ಬೇಡ, ಕಲ್ಲು ಜಾರುತ್ತದೆ, ಇಂಬಳದ ಕಾಟ ಬೇರೆ.

ಬರಹಗಾರರ ಹೆಸರಲ್ಲಿ ಒಂದು ಜಾಗ ಉಳಿಸೋದು ನಮ್ಮಲ್ಲಿ ಆಗದ ಕೆಲಸ ಏನಲ್ಲ. ಅರಸಾಳು ಸ್ಟೇಷನ್ ನೋಡಿ. ಶಂಕರ್ ನಾಗ್ ಅವರು ಆರ್. ಕೆ. ನಾರಾಯಣ್ ಕತೆಗಳ ಮಾಲ್ಗುಡಿ ಡೇಸ್‌ಗೆ ರೈಲಿನ ದೃಶ್ಯಗಳನ್ನು ತೆಗೆದದ್ದು ಅಲ್ಲಿ. ಹಳೇ ಸ್ಟೇಷನ್ ಕಟ್ಟಡ ಪಾಳು ಬಿದ್ದಿತ್ತು. ರೈಲ್ವೆಯವರು ಅದನ್ನು ರಿಪೇರಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಆದರೆ ಅಲ್ಲಿಗೆ ಹೋದ ಮಗು ಸ್ವಾಮಿಯ ಕತೆಯನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಕೈಯಲ್ಲಿ ಹಿಡಿದು ವಾಪಸ್ ಬರಬೇಕು ಅನ್ನೋದು ನನ್ನ ಆಸೆ. ಅಂಗಡಿ ಮಾಡುತ್ತಿದ್ದದ್ದು ಆ ಕೆಲಸ.

ಹಳೇ_ಪುಸ್ತಕದಂಗಡಿ

ಟೀಚರ್ ಹೇಳಿದ್ದು ನೂರಕ್ಕೆ ನೂರು ನಿಜ. ಬಾಯಲ್ಲಿ ಕತೆ ಹೇಳೋದು ಬಿಡಬೇಡಿ. ಅಚ್ಚು ಹಾಕೋ ವಿಷಯಕ್ಕೆ ಬಂದರೆ, ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಬ್ಲೈಟನ್ ಬದುಕಿದ್ದಾಗ ಬಂದ ಪುಸ್ತಕಗಳದ್ದು 2028ರ ಡಿಸೆಂಬರಿಗೆ ಮುಗಿಯುತ್ತದೆ. 2029ರಿಂದ ಭಾರತದಲ್ಲಿ ಯಾರು ಬೇಕಾದರೂ ಆ ಕತೆಗಳನ್ನು ಕನ್ನಡಕ್ಕೆ ತಂದು ಅಚ್ಚು ಹಾಕಬಹುದು. ಬ್ರಿಟನ್ನಿನಲ್ಲಿ 70 ವರ್ಷ, ಅಲ್ಲಿ ಇನ್ನೂ ಹತ್ತು ವರ್ಷ ಕಾಯಬೇಕು. ಚಿತ್ರಗಳ ಹಕ್ಕು ಬೇರೆ, ಅದು ಚಿತ್ರಕಾರರಿಗೆ ಸೇರಿದ್ದು. ಆದ್ದರಿಂದ ಹಳೇ ಚಿತ್ರ ಹಾಕೋ ಹಾಗಿಲ್ಲ, ನಮ್ಮ ಕಡೆಯ ಹುಡುಗರ ಕೈಯಲ್ಲಿ ಹೊಸದಾಗಿ ಬರೆಸಬೇಕು. ಟೀಚರ್, ಹೇಳುವಾಗ ಯಾರಾದರೂ ಬರೆದುಕೊಳ್ಳುತ್ತಿದ್ದರೆ ಆ ಹೊತ್ತಿಗೆ ಒಂದು ಕರಡು ಸಿದ್ಧವಾಗಿರುತ್ತದೆ.

ಇನ್ನು ಮೇಡಂ ತಂಗಿಗೆ ಒಂದು ಮಾತು. ಅಲ್ಲಿ ಹಳೇ ಪುಸ್ತಕ ಕೊಳ್ಳುವುದಾದರೆ ಯಾವ ವರ್ಷದ ಮುದ್ರಣ ಅಂತ ನೋಡಲಿ. 2010ರಲ್ಲಿ ಪ್ರಕಾಶಕರು ಫೇಮಸ್ ಫೈವ್ ಭಾಷೆಯನ್ನು ಈಗಿನ ಕಾಲಕ್ಕೆ ಅಂತ ಬದಲಾಯಿಸಿದರು. ಓದುಗರಿಗೆ ಹಿಡಿಸಲಿಲ್ಲ. 2016ರಲ್ಲಿ ಹಳೆಯದಕ್ಕೇ ವಾಪಸ್ ಹೋಗುತ್ತೇವೆ ಅಂದರು. ಐಲೀನ್ ಸೋಪರ್ ಅವರ ಚಿತ್ರ ಇರುವ ಹಳೇ ಪ್ರತಿ ಸಿಕ್ಕರೆ ಬಿಡಬೇಡಿ.

ತೀರ್ಥಹಳ್ಳಿ_ಓದುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಂಗಿಗೆ ಉಗಿಬಂಡಿ, ಬ್ರೌನ್ಸೀ, ಸೋಪರ್ ಚಿತ್ರದ ಪ್ರತಿ, ಮೂರನ್ನೂ ಬರೆದು ಕಳಿಸಿದ್ದೇನೆ. ಅಂಗಡಿ ಇದ್ದ ಜಾಗದ ಒಂದು ಫೋಟೊ ಕೂಡ ಬೇಕು ಅಂದಿದ್ದೇನೆ, ಈಗ ಅಲ್ಲಿ ಏನೇ ಇರಲಿ.

ಟೀಚರ್, ನೀವು ಕತೆ ಹೇಳುವಾಗ ಬರೆದುಕೊಳ್ಳೋಕೆ ಜನ ಬೇಕಾದರೆ ನಾನು ಬರುತ್ತೇನೆ. ಅಡಿಕೆ ಕೊಯ್ಲು ಮುಗಿದ ಮೇಲೆ ಶನಿವಾರ ನನಗೆ ಬಿಡುವು. ಹಳೇ ಪುಸ್ತಕದಂಗಡಿ ಸರ್, ಆ ಬೀರು ಇರುವ ಶಾಲೆ ಯಾವ ಕಡೆ ಅಂತ ನನಗೆ ಮೆಸೇಜ್ ಮಾಡಿ. ಹೆಡ್ ಮಾಸ್ಟರ್ ಹತ್ತಿರ ಹೋಗಿ ಬೀಗದ ಕೈ ಕೇಳೋಣ.